ಮಗು ಒಂದು, ಇಲಾಖೆ ಐದು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ವೇದಿಕೆಯ ಮೇಲೆ ನಾವು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶದ ಬಗ್ಗೆ ಮಾತನಾಡುತ್ತೇವೆ. ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುತ್ತೇವೆ, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತೇವೆ. ಅದು ಆಗಬೇಕಾದ ಕೆಲಸವೇ. ಆದರೆ ನಾನು ಇಂದು ಈ ಸಭೆಗೆ ಬಾರದ, ಬಂದರೂ ತಾಯಿಯ ಮಡಿಲಲ್ಲಿ ನಿದ್ದೆ ಹೋಗಿರುವ ಮಕ್ಕಳ ಬಗ್ಗೆ ಮಾತನಾಡಬೇಕೆಂದು ಬಂದಿದ್ದೇನೆ. ಆರು ವರ್ಷದೊಳಗಿನವರು. ಅವರಿಗೆ ಅಂಕಪಟ್ಟಿ ಇಲ್ಲ, ಆದ್ದರಿಂದ ಅವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನನ್ನ ತಪ್ಪೊಂದರಿಂದ ಆರಂಭಿಸುತ್ತೇನೆ. ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವಿನ ಒಂದು ಹಳ್ಳಿಯಲ್ಲಿ ನಾನು ಒಂದನೇ ತರಗತಿಗೆ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗ ಸೇರಿದ. ಊರಿನ ಹೆಸರು, ಮಗುವಿನ ಹೆಸರು ಬೇಡ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮನೆಯಲ್ಲಿ ದಖನಿ ಮಾತು, ಕನ್ನಡ ತಿಳಿಯದಿರಬಹುದು ಎಂದು ಉರ್ದುವಿನಲ್ಲಿ ಮಾತನಾಡಿಸಿದೆ. ಅದಕ್ಕೂ ಉತ್ತರವಿಲ್ಲ. ಬಿ.ಎಡ್. ಓದುವಾಗ ಮಕ್ಕಳ ಮನೋವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದವನೇ ನಾನು. ಆದರೂ ಮನಸ್ಸಿನಲ್ಲಿ ಈ ಮಗು ಮಂದ ಎಂದು ಬರೆದುಕೊಂಡು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಮುಂದೊಂದು ದಿನ ಬಿಸಿಯೂಟದ ಸಾಲಿನಲ್ಲಿ ಅವನ ಬೆನ್ನ ಹಿಂದೆಯೇ ಸ್ಟೀಲಿನ ಬುಟ್ಟಿ ಜಾರಿ ಕಲ್ಲಿನ ಮೇಲೆ ಬಿತ್ತು. ಇಡೀ ಸಾಲು ಬೆಚ್ಚಿ ತಿರುಗಿತು. ಅವನೊಬ್ಬ ತನ್ನ ತಟ್ಟೆ ನೋಡುತ್ತಾ ನಿಂತಿದ್ದ.

ಆಗ ನನಗೆ ತಿಳಿಯಿತು. ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ ದೋಷವಿದೆ ಎಂದರು.

ನನ್ನನ್ನು ನಿಜವಾಗಿ ಕಾಡಿದ್ದು ಆಮೇಲೆ ಗೊತ್ತಾದ ಸಂಗತಿ. ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದೆ. ಆಕೆ ತನ್ನ ಹಳೆಯ ಪುಸ್ತಕ ತೆಗೆದು ತೋರಿಸಿದರು. ಮಗುವಿಗೆ ಮೂರು ವರ್ಷವಿದ್ದಾಗಲೇ "ಮಾತು ಬಂದಿಲ್ಲ" ಎಂದು ಬರೆದಿದ್ದರು. ಆಶಾ ಕಾರ್ಯಕರ್ತೆಗೆ ಹೇಳಿದ್ದರು, ಅವರು ಮನೆಗೆ ಹೋಗಿ ವಿಚಾರಿಸಿದ್ದರು. ಆರೋಗ್ಯ ಇಲಾಖೆಯ ತಪಾಸಣಾ ತಂಡ ಊರಿಗೆ ಬಂದ ದಿನ ಮಗು ಊರಿನಲ್ಲಿರಲಿಲ್ಲ. ತಂದೆತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು, ಮಗುವೂ ಹೋಗಿತ್ತು. ಮುಂದಿನ ಬಾರಿಯೂ ಹಾಗೆಯೇ ಆಯಿತು. ಆಮೇಲೆ ಮಗು ಶಾಲೆಗೆ ಸೇರಿತು, ಅಂಗನವಾಡಿಯ ದಾಖಲೆಯಿಂದ ಹೆಸರು ಹೋಯಿತು. ನನ್ನ ಕೈಗೆ ಬಂದದ್ದು ಜನನ ಪ್ರಮಾಣಪತ್ರ ಮತ್ತು ಒಂದು ಅರ್ಜಿ ಮಾತ್ರ. ಆ ಪುಸ್ತಕದ ಸಾಲು ಅಂಗನವಾಡಿಯಿಂದ ಶಾಲೆಯವರೆಗಿನ ಇನ್ನೂರು ಹೆಜ್ಜೆಯನ್ನು ದಾಟಲಿಲ್ಲ.

ಇದರಲ್ಲಿ ಯಾರು ತಪ್ಪಿತಸ್ಥರು ಎಂದು ನೀವು ಕೇಳಬಹುದು. ಒಬ್ಬೊಬ್ಬರನ್ನೇ ನೋಡಿದರೆ ನನ್ನ ಹೊರತು ಎಲ್ಲರೂ ತಮ್ಮ ಕೆಲಸ ಮಾಡಿದ್ದರು. ತಾಯಿ ದಖನಿಯಲ್ಲಿ ಒಂದೇ ಮಾತು ಹೇಳಿದಳು: "ಸಬ್ ಪೂಛೆ ಸರ್, ಲೇಕೋ ಕೋಯಿ ನೈ ಗಯೆ." ಎಲ್ಲರೂ ಕೇಳಿದರು, ಕರೆದುಕೊಂಡು ಯಾರೂ ಹೋಗಲಿಲ್ಲ.

ಈಗ ವ್ಯವಸ್ಥೆಯ ಕಡೆ ಬರೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ನಾವು ಅಂಗನವಾಡಿ ಎಂದು ಕರೆಯುವುದು, 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರಕ್ಕೆ. ಅದರಲ್ಲಿ ಆರು ಸೇವೆಗಳಿವೆ: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. ಗಮನಿಸಿ, ಕೊನೆಯ ಮೂರು ಕೆಲಸ ಅಂಗನವಾಡಿ ನಡೆಸುವ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದಲ್ಲ. ಅದನ್ನು ಮಾಡಬೇಕಾದವರು ಆರೋಗ್ಯ ಇಲಾಖೆಯವರು. ಎರಡು ಇಲಾಖೆ ಕೈಗೂಡಿಸಿದರೆ ಮಾತ್ರ ನಡೆಯುವ ಯೋಜನೆ ಎಂದು ಮೊದಲ ದಿನದಿಂದಲೇ ತಿಳಿದಿತ್ತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹುಟ್ಟು ಕಿವುಡು, ಸೀಳುತುಟಿ, ಹೃದಯದ ತೊಂದರೆ, ಬೆಳವಣಿಗೆ ತಡವಾಗುವುದು ಎಲ್ಲವೂ ಅದರ ಪಟ್ಟಿಯಲ್ಲಿದೆ. ಎರಡು ಸಲವೂ ಮಗು ಕಬ್ಬಿನ ಗದ್ದೆಯಲ್ಲಿದ್ದರೆ ಏನು ಮಾಡುವುದು?

ಇವೆರಡೇ ಇಲಾಖೆಯೂ ಅಲ್ಲ. ಅಂಗನವಾಡಿ ಕಟ್ಟಡಕ್ಕೆ ಜಾಗ ಕೊಡುವುದು ಹಳ್ಳಿಯಲ್ಲಿ ಗ್ರಾಮ ಪಂಚಾಯತಿ, ಬಸವಕಲ್ಯಾಣದಲ್ಲಿ ನಗರಸಭೆ, ಹುಮನಾಬಾದಿನಲ್ಲಿ ಪುರಸಭೆ. ಪಕ್ಕದ ಶಾಲೆ ಶಿಕ್ಷಣ ಇಲಾಖೆಯದ್ದು. ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ 'ಕೂಸಿನ ಮನೆ' ಗ್ರಾಮೀಣಾಭಿವೃದ್ಧಿ ಇಲಾಖೆಯ ಕಾರ್ಯಕ್ರಮ. ಅಲ್ಪಸಂಖ್ಯಾತರ ಯೋಜನೆಯಲ್ಲಿ ಕಟ್ಟಡ ಬಂದರೆ ಅದರ ಹಣ ಇನ್ನೊಂದು ಇಲಾಖೆಯದ್ದು. ಮಗು ಒಂದೇ, ಬಾಗಿಲು ಐದು. ಬಾಗಿಲಲ್ಲಿ ನಿಂತ ತಾಯಿಗೆ ಸಿಗುವ ಉತ್ತರ ನಿಮಗೆಲ್ಲ ಗೊತ್ತು: "ಅದು ನಮ್ದಲ್ರೀ, ಅವ್ರದು. ಅಲ್ಲಿ ಹೋಗಿ ಕೇಳ್ರಿ." ಇಲಾಖೆಗಳ ನಡುವೆ ಸಮನ್ವಯ ಮಾಡುವ ಕೆಲಸ ಕೊನೆಗೆ ಆ ತಾಯಿಯ ಮೇಲೆಯೇ ಬಿದ್ದಿದೆ. ಆಕೆಗೆ ಓದು ಬಾರದು, ಆ ದಿನದ ಕೂಲಿ ಹೋಗುತ್ತದೆ, ಕಂಕುಳಲ್ಲಿ ಇನ್ನೊಂದು ಕೂಸು ಇರುತ್ತದೆ.

ನಮ್ಮ ಭಾಗಕ್ಕೆ ಇದರ ಭಾರ ಹೆಚ್ಚು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡೂ ಆ ಪಟ್ಟಿಯಲ್ಲಿದ್ದವು. 2013ರಲ್ಲಿ 371(ಜೆ) ವಿಧಿ ಜಾರಿಗೆ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು. ನಮ್ಮ ಊರಿನ ಹೆಸರು ಇಡೀ ಪ್ರದೇಶಕ್ಕೆ ಸಿಕ್ಕಿತು ಎಂದು ನಾವು ಹೆಮ್ಮೆಪಟ್ಟೆವು. 371(ಜೆ) ಎಂದರೆ ನಮಗೆ ನೆನಪಾಗುವುದು ನೌಕರಿ ಮತ್ತು ಮೆಡಿಕಲ್ ಸೀಟು. ಆ ಸೀಟಿನವರೆಗೆ ಬರಬೇಕಾದ ಮಗುವಿನ ತೂಕ ಮೂರನೇ ವರ್ಷದಲ್ಲಿ ಎಷ್ಟಿತ್ತು ಎಂದು ಕೇಳುವವರು ಕಡಿಮೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದು ಇಡೀ ಕರ್ನಾಟಕದ ಲೆಕ್ಕ.

ನಮ್ಮ ಸಮುದಾಯದ ವಿಷಯಕ್ಕೆ ಬಂದರೆ, 2006ರ ನವೆಂಬರಿನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿ ವರದಿಯನ್ನು ನಾವು ಪ್ರತಿ ಭಾಷಣದಲ್ಲೂ ಹೆಸರಿಸುತ್ತೇವೆ. ಅಂಗನವಾಡಿಯ ಸೌಲಭ್ಯ ಮುಸ್ಲಿಂ ಮಕ್ಕಳಿಗೆ ಕಡಿಮೆ ತಲುಪುತ್ತಿದೆ ಎಂದೂ ಅದರಲ್ಲಿದೆ. ಅದೇ ವರ್ಷ ಪ್ರಕಟವಾದ ಪ್ರಧಾನಮಂತ್ರಿಗಳ ಹೊಸ 15 ಅಂಶಗಳ ಕಾರ್ಯಕ್ರಮದ ಮೊದಲನೆಯ ಅಂಶ ಯಾವುದು ಎಂದು ಇಲ್ಲಿನ ಪದವಿ ವಿದ್ಯಾರ್ಥಿಗಳನ್ನು ಕೇಳಿದೆ. ವಿದ್ಯಾರ್ಥಿವೇತನ ಎಂದರು, ಸಾಲ ಎಂದರು, ಪೊಲೀಸ್ ನೇಮಕಾತಿ ಎಂದರು. ಅಲ್ಲ, ಮೊದಲನೆಯದು ಅಂಗನವಾಡಿ. ಅಲ್ಪಸಂಖ್ಯಾತರು ಹೆಚ್ಚಾಗಿರುವ ಊರು, ಓಣಿಗಳಲ್ಲಿ ನಿಗದಿತ ಪ್ರಮಾಣದ ಕೇಂದ್ರಗಳಿರಬೇಕು ಎಂದು ಅದು ಹೇಳಿತು. ಆಮೇಲೆ ಬಹು ವಲಯ ಅಭಿವೃದ್ಧಿ ಕಾರ್ಯಕ್ರಮಕ್ಕೆ ದೇಶದ 90 ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ಎರಡೇ ಜಿಲ್ಲೆ, ಗುಲ್ಬರ್ಗಾ ಮತ್ತು ನಮ್ಮ ಬೀದರ್. ಅಂಗನವಾಡಿ ಕಟ್ಟಡ, ಶಾಲಾ ಕೊಠಡಿ, ಆರೋಗ್ಯ ಉಪಕೇಂದ್ರ ಎಲ್ಲವೂ ಅದರಲ್ಲಿ ಸೇರುತ್ತಿದ್ದವು. 2018ರಲ್ಲಿ ಅದಕ್ಕೆ ಪ್ರಧಾನಮಂತ್ರಿ ಜನ ವಿಕಾಸ ಕಾರ್ಯಕ್ರಮ ಎಂದು ಹೆಸರು ಬದಲಾಯಿತು.

ಇಂಥ ಒಂದು ಕಟ್ಟಡಕ್ಕೆ ಏನೇನು ಬೇಕು ಎಂದು ಯೋಚಿಸಿ. ಹಣ ಅಲ್ಪಸಂಖ್ಯಾತರ ಸಚಿವಾಲಯದ್ದು, ಜಾಗ ಸ್ಥಳೀಯ ಸಂಸ್ಥೆಯದ್ದು, ಕಟ್ಟುವವರು ಎಂಜಿನಿಯರಿಂಗ್ ವಿಭಾಗದವರು, ಕಾರ್ಯಕರ್ತೆಯನ್ನು ನೇಮಿಸುವವರು ಶಿಶು ಅಭಿವೃದ್ಧಿ ಇಲಾಖೆಯವರು, ನೀರು ಮತ್ತೆ ಸ್ಥಳೀಯ ಸಂಸ್ಥೆಯದ್ದು. ಒಬ್ಬರು ತಡ ಮಾಡಿದರೆ ಉಳಿದವರ ಕೆಲಸ ನಿಂತುಬಿಡುತ್ತದೆ. ಜಾಗವೇ ಇಲ್ಲದ ಓಣಿಗೆ ಹಣ ಬಂದರೂ ಏನು ಬಂತು? ನಮ್ಮ ಹಳೆಯ ಮೊಹಲ್ಲಾಗಳಲ್ಲಿ ಸರ್ಕಾರಿ ಜಾಗವೆಂದರೆ ಚರಂಡಿಯ ಮೇಲಿನ ಕಲ್ಲು ಮಾತ್ರ ಎಂದು ನನ್ನ ಸಹೋದ್ಯೋಗಿಯೊಬ್ಬರು ತಮಾಷೆ ಮಾಡುತ್ತಾರೆ.

ಇಲಾಖೆಗಳ ನಡುವಿನ ಎಳೆದಾಟ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು 2024ರಲ್ಲಿ ನೋಡಿದೆವು. ಕಲ್ಯಾಣ ಕರ್ನಾಟಕದ ಸುಮಾರು ಸಾವಿರ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಮುಂದಾಯಿತು. ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿ ಉಳಿಯುವುದು ಹೇಗೆ ಎಂದು ಕೇಳಿದರು. ಮಹಿಳಾ ಮತ್ತು ಮಕ್ಕಳ ಇಲಾಖೆ ಅಂಗನವಾಡಿಯಲ್ಲೇ ಎಲ್‌ಕೆಜಿ ನಡೆಸುತ್ತೇವೆ ಎಂದಿತು, ಅದೇ ವರ್ಷ ಜುಲೈಯಲ್ಲಿ ಬೆಂಗಳೂರಿನಲ್ಲಿ 'ಸರ್ಕಾರಿ ಮಾಂಟೆಸರಿ' ಆರಂಭಿಸಿತು. ನಾನು ಶಾಲಾ ಶಿಕ್ಷಕ. ಮೂರು ವರ್ಷದ ಮಗು ಶಾಲೆಯ ಅಂಗಳಕ್ಕೆ ಬಂದರೆ ನಮಗೆ ಸಂತೋಷ, ದಾಖಲಾತಿಯೂ ಹೆಚ್ಚುತ್ತದೆ. ಆದರೂ ಆ ಹೆಣ್ಣುಮಕ್ಕಳ ಮಾತಿನಲ್ಲಿ ನ್ಯಾಯವಿದೆ ಎಂದೇ ನನ್ನ ಅಭಿಪ್ರಾಯ. ಶಾಲೆ ನಾಲ್ಕು ವರ್ಷದ ಮಗುವಿಗೆ ಅಕ್ಷರ ಕಲಿಸಬಹುದು. ಎಂಟು ತಿಂಗಳ ಕೂಸಿನ ತೂಕ ನೋಡುವವರು ಯಾರು? ಗರ್ಭಿಣಿಯ ಮನೆಗೆ ಹೋಗುವವರು ಯಾರು? ದೊಡ್ಡ ಮಕ್ಕಳು ಹೊರಟರೆ ಕೇಂದ್ರ ಸೊರಗುತ್ತದೆ, ಸೊರಗಿದ ಕೇಂದ್ರದಲ್ಲಿ ಮೊದಲು ನಷ್ಟ ಅನುಭವಿಸುವವರು ಮಾತು ಬಾರದ ಕೂಸುಗಳು. ಅಂಗನವಾಡಿ ಶಾಲೆಯ ಅಂಗಳದಲ್ಲೇ ಇರಲಿ, ಎರಡೂ ಇಲಾಖೆ ಒಂದೇ ಬಾಗಿಲಿನೊಳಗೆ ಇರಲಿ ಎಂಬುದು ಇದಕ್ಕಿಂತ ಒಳ್ಳೆಯ ದಾರಿ. ಕೇಂದ್ರದ ಎರಡು ಸಚಿವಾಲಯಗಳು 2025ರ ಸೆಪ್ಟೆಂಬರಿನಲ್ಲಿ ಇದಕ್ಕಾಗಿ ಜಂಟಿ ಮಾರ್ಗಸೂಚಿ ಹೊರಡಿಸಿವೆ. ನಮ್ಮ ಉರ್ದು ಪ್ರಾಥಮಿಕ ಶಾಲೆಗಳಲ್ಲಿ ಎಲ್ಲೆಲ್ಲಿ ಖಾಲಿ ಕೊಠಡಿ ಇದೆಯೋ ಅಲ್ಲೆಲ್ಲ ಇದನ್ನು ಕೇಳುವ ಅವಕಾಶ ಈಗಿದೆ.

ಉರ್ದು ಎಂದೆ, ಭಾಷೆಯ ಮಾತು ಬಂತು. ನಮ್ಮ ಈ ಎರಡು ಊರುಗಳಲ್ಲಿ ಒಂದೇ ಓಣಿಯಲ್ಲಿ ಕನ್ನಡ, ದಖನಿ, ಮರಾಠಿ, ಲಂಬಾಣಿ ಕೇಳಿಬರುತ್ತವೆ. ಅಂಗನವಾಡಿಯ ಹಾಡು ಕನ್ನಡದಲ್ಲಿ. ದಖನಿ ಮನೆಯ ಮಗು ಮೊದಲ ತಿಂಗಳು ಮೂಕನಂತೆ ಕೂರುತ್ತದೆ. ಅದು ನಾಚಿಕೆಯೋ, ಭಾಷೆಯೋ, ಕಿವಿಯ ದೋಷವೋ ಎಂದು ಗುರುತಿಸಬೇಕಾದರೆ ಮಗುವಿನ ಮನೆಮಾತು ಬಲ್ಲವರು ಒಬ್ಬರಾದರೂ ಬೇಕು. ನಾನು ಎಡವಿದ್ದೂ ಅಲ್ಲೇ. 2024ರಲ್ಲಿ ಮೂಡಿಗೆರೆಯಲ್ಲಿ ಅಂಗನವಾಡಿ ಕಾರ್ಯಕರ್ತೆಗೆ ಉರ್ದು ಬರಬೇಕೆಂಬ ಪ್ರಕಟಣೆಯ ಮೇಲೆ ದೊಡ್ಡ ಗದ್ದಲವಾಯಿತು. ಟಿವಿಯಲ್ಲಿ ಇದು ಕನ್ನಡ ವಿರುದ್ಧ ಉರ್ದು ಎಂಬ ಜಗಳವಾಗಿ ಕಂಡಿತು. ಎರಡೂ ಭಾಷೆ ಕಲಿಸುವ ನನಗೆ ಆ ಜಗಳ ಅರ್ಥವಾಗಲಿಲ್ಲ. ಮಗುವಿಗೆ ಕನ್ನಡ ಬೇಕೇ ಬೇಕು, ಈ ನೆಲದಲ್ಲಿ ಬದುಕಬೇಕಾದ ಮಗು ಅದು. ಆದರೆ ಹೊಟ್ಟೆ ನೋಯುತ್ತಿದೆ ಎಂದು ಮೂರು ವರ್ಷದ ಮಗು ಹೇಳುವುದು ಮನೆಮಾತಿನಲ್ಲೇ. ಆದ್ದರಿಂದ ನಮ್ಮ ಓದಿದ ಹೆಣ್ಣುಮಕ್ಕಳಿಗೆ ನನ್ನ ವಿನಂತಿ: ಕನ್ನಡವನ್ನು ಚೆನ್ನಾಗಿ ಕಲಿತು ಈ ಕೆಲಸಕ್ಕೆ ಅರ್ಜಿ ಹಾಕಿ. ಗೌರವಧನ ಕಡಿಮೆ, ಕೆಲಸ ಹೆಚ್ಚು ಎಂಬುದು ನನಗೂ ಗೊತ್ತು.

ನಮ್ಮ ಹಿರಿಯರಿಗೆ ಈ ವಯಸ್ಸಿನ ಮಹತ್ವ ತಿಳಿಯದೇ ಇರಲಿಲ್ಲ. ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನಕ್ಕೆ ಮಗುವಿಗೆ ಬಿಸ್ಮಿಲ್ಲಾ ಮಾಡಿಸುವ ಪದ್ಧತಿ ದಖನಿನ ಮನೆಗಳಲ್ಲಿ ಇಂದಿಗೂ ಇದೆ. ಹೊಸ ಬಟ್ಟೆ, ಹೂವಿನ ಹಾರ, ಮಿಠಾಯಿ ಎಲ್ಲವೂ ಇರುತ್ತದೆ. ಮಾರನೆಯ ದಿನ ಮಗು ಎಲ್ಲಿ ಕೂರುತ್ತದೆ ಎಂಬುದಕ್ಕೆ ಮಾತ್ರ ನಮ್ಮಲ್ಲಿ ಏರ್ಪಾಡಿಲ್ಲ. ಇನ್ನೊಂದು ಮಾತು. ಸೂರಾ ಬಕರಾದ 233ನೇ ಆಯತ್ತಿನಲ್ಲಿ ತಾಯಿ ಎರಡು ಪೂರ್ಣ ವರ್ಷ ಹಾಲುಣಿಸುವುದೂ, ಆಕೆಯ ಊಟ ಬಟ್ಟೆಯ ಹೊಣೆ ತಂದೆಯದು ಎಂಬುದೂ, ಹಾಲು ಬಿಡಿಸುವುದಾದರೆ ಇಬ್ಬರೂ ಸಮಾಲೋಚಿಸಿ ಒಪ್ಪಿಕೊಳ್ಳಬೇಕೆಂಬುದೂ ಬಂದಿದೆ. ಸಮಾಲೋಚನೆಗೆ ಅಲ್ಲಿರುವ ಪದ 'ತಶಾವುರ್'. ಒಂದು ಕೂಸಿನ ಹಾಲಿನ ವಿಷಯದಲ್ಲೂ ಹೊಣೆಯನ್ನು ಹಂಚಿ, ಹಂಚಿಕೊಂಡವರು ಕುಳಿತು ಮಾತನಾಡಲಿ ಎಂದಿದೆ. ಇಲಾಖೆಗಳು ಕುಳಿತು ಮಾತನಾಡಲಿ ಎನ್ನುವ ಮೊದಲು ನಮ್ಮ ಮನೆಯಲ್ಲಿ ಗಂಡಸರು ಈ ವಿಷಯಕ್ಕೆ ಎಷ್ಟು ಹೊತ್ತು ಕೂರುತ್ತೇವೆ?

ನಮ್ಮ ಕಡೆಯ ಕೊರತೆಯನ್ನೂ ಹೇಳಲೇಬೇಕು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ವಾಟ್ಸಾಪಿನಲ್ಲಿ ಏನೇನೋ ವದಂತಿ ಹರಡಿತು. ಸೂಜಿಗೆ ಹೆದರಿ ಆ ದಿನ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡವರು ನಮ್ಮಲ್ಲಿ ಇದ್ದರು. ನಾನಿದ್ದ ಊರಿನಲ್ಲಿ ಜುಮಾ ದಿನ ಮೌಲಾನಾ ಅವರು ಎರಡು ನಿಮಿಷ ಮಾತನಾಡಿದ ಮೇಲೆ ಜನ ಒಪ್ಪಿದರು. ನರ್ಸಮ್ಮನವರು ಒಂದು ವಾರ ಓಡಾಡಿ ಹೇಳಿದರೂ ಆಗದ ಕೆಲಸ ಅದು. ಇನ್ನು 2025ರ ಜುಲೈಯಿಂದ ಮನೆಗೆ ಕೊಂಡೊಯ್ಯುವ ಪೌಷ್ಟಿಕ ಆಹಾರಕ್ಕೆ ಮೊಬೈಲಿನಲ್ಲಿ ಮುಖ ಗುರುತಿಸುವ ಪದ್ಧತಿ ಕಡ್ಡಾಯವಾಗಿದೆ. ಪರದೆಯ ಕಾರಣಕ್ಕೆ ಕೆಲವು ತಾಯಂದಿರು ಹಿಂಜರಿಯುತ್ತಿದ್ದಾರೆಂದು ಕೇಳಿದ್ದೇನೆ. ಮೊಬೈಲ್ ಹಿಡಿದಿರುವ ಕಾರ್ಯಕರ್ತೆಯೂ ಹೆಣ್ಣುಮಗಳೇ. ಅವರೊಡನೆ ಮಾತನಾಡಿದರೆ ಒಳಗೆ ಕರೆದು ಕೆಲಸ ಮುಗಿಸಿಕೊಡುತ್ತಾರೆ. ಇದಕ್ಕಾಗಿ ಕೂಸಿನ ಆಹಾರ ಬಿಡಬೇಡಿ.

ಹಾಗಾದರೆ ಸಂಘ ಏನು ಮಾಡಬಹುದು? ಹೊಸ ಸಮಿತಿ ಬೇಡ, ಇರುವ ಸಮಿತಿಗಳೇ ಸಾಕಷ್ಟಿವೆ. ಪ್ರತಿ ಅಂಗನವಾಡಿಗೆ ಬಾಲ ವಿಕಾಸ ಸಮಿತಿ ಇದೆ, ಶಾಲೆಗೆ ಎಸ್.ಡಿ.ಎಂ.ಸಿ. ಇದೆ. ನಿಮ್ಮ ಮಗು ಹೋಗುವ ಕೇಂದ್ರದ ಸಮಿತಿಯಲ್ಲಿ ಯಾರಿದ್ದಾರೆ ಎಂದು ಇಲ್ಲಿ ಕೈ ಎತ್ತಲು ಹೇಳಿದರೆ ಎಷ್ಟು ಕೈ ಏಳಬಹುದು? ಅದರ ಸಭೆಗೆ ಹೋಗಿ. ಇಲಾಖೆಯ ಅಧಿಕಾರಿಗಳು ಒಂದೇ ಮೇಜಿಗೆ ಬರುವ ಜಾಗ ತಾಲ್ಲೂಕು ಮಟ್ಟದ ಕೆ.ಡಿ.ಪಿ. ಸಭೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಕ್ಷೇತ್ರ ಶಿಕ್ಷಣಾಧಿಕಾರಿ ಮೂವರೂ ಅಲ್ಲಿರುತ್ತಾರೆ. ಬೇರೆ ಬೇರೆ ಕಚೇರಿಗೆ ಬೇರೆ ಬೇರೆ ಮನವಿ ಕೊಟ್ಟರೆ ಬೇರೆ ಬೇರೆ ಕಡತದಲ್ಲಿ ಮಲಗುತ್ತದೆ. ಒಂದೇ ಮನವಿಯನ್ನು ಮೂವರಿಗೂ ಬರೆದು, ಸಭೆಗೆ ಮುಂಚೆ ಕೊಟ್ಟು, ಸಭೆಯಲ್ಲಿ ಕೇಳುವಂತೆ ಶಾಸಕರಿಗೆ ಹೇಳಿ. ಹುಲಸೂರು ಮತ್ತು ಚಿಟಗುಪ್ಪ ಹೊಸ ತಾಲ್ಲೂಕುಗಳಾಗಿರುವುದರಿಂದ ನಿಮ್ಮ ಊರಿನ ಯಾವ ಕಚೇರಿ ಎಲ್ಲಿದೆ ಎಂದು ಮೊದಲು ವಿಚಾರಿಸಿಕೊಳ್ಳಿ.

ಅಂಗನವಾಡಿಯೇ ಇಲ್ಲದ ಓಣಿಯವರು ಇದನ್ನು ಗುರುತು ಮಾಡಿಕೊಳ್ಳಿ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್, ಆರು ವರ್ಷದೊಳಗಿನ 40 ಮಕ್ಕಳಿರುವ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ಆದೇಶಿಸಿತು. 'ಬೇಡಿಕೆಯ ಮೇರೆಗೆ ಅಂಗನವಾಡಿ' ಎಂಬುದು ಆಮೇಲೆ ಯೋಜನೆಯ ನಿಯಮಕ್ಕೇ ಸೇರಿತು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಗರ್ಭಿಣಿ, ಬಾಣಂತಿ ಮತ್ತು ಆರು ವರ್ಷದೊಳಗಿನ ಮಗುವಿನ ಊಟ ಕಾನೂನಿನ ಹಕ್ಕಾಗಿದೆ. ಕೇಳುವುದೆಂದರೆ ಬರವಣಿಗೆಯಲ್ಲಿ, ಮಕ್ಕಳ ಹೆಸರು, ಹುಟ್ಟಿದ ದಿನಾಂಕ, ತಾಯಿಯ ಸಹಿಯೊಂದಿಗೆ. ಬಾಯಿಮಾತಿನ ಬೇಡಿಕೆಗೆ ಸ್ವೀಕೃತಿ ಸಿಗುವುದಿಲ್ಲ.

ಕಬ್ಬಿಗೆ ಹೋಗುವ ಕುಟುಂಬಗಳ ವಿಷಯ ಕಷ್ಟದ್ದು, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅಜ್ಜಿಯ ಬಳಿ ಮಗುವನ್ನು ಬಿಟ್ಟು ಹೋಗಿ ಎನ್ನುವುದು ಸುಲಭ, ಹಾಲು ಕುಡಿಯುವ ಕೂಸನ್ನು ಯಾರು ಬಿಡುತ್ತಾರೆ? ಕೂಸಿನ ಮನೆ ಊರಿನಲ್ಲಿದ್ದರೂ ಅವರು ಊರಿನಲ್ಲಿಲ್ಲ. ಆದರೆ ಅವರು ಯಾವಾಗ ಹೋಗುತ್ತಾರೆ, ಯಾವಾಗ ಬರುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ, ವೈದ್ಯರ ತಂಡಕ್ಕೆ ಮಾತ್ರ ಗೊತ್ತಿಲ್ಲ. ತಂಡದ ಭೇಟಿಯಲ್ಲಿ ಒಂದಾದರೂ ಅವರು ಹೊರಡುವ ಮೊದಲು ಆಗುವಂತೆ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಕೇಳಿಕೊಳ್ಳಬಹುದು. ದಸರೆಗೆ ಮುಂಚೆ ಒಂದು ಪತ್ರ ಬರೆದರೆ ಸಾಕು. ಹೊರಟವರ ಕೈಯಲ್ಲಿ ತಾಯಿ ಕಾರ್ಡ್ ಇರುವಂತೆ, ಪೋಷಣ್ ಟ್ರ್ಯಾಕರ್‌ನಲ್ಲಿ ವಲಸೆ ಎಂದು ದಾಖಲಾಗುವಂತೆ ಕಾರ್ಯಕರ್ತೆಗೆ ನೆನಪಿಸಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಹಿಂದಿನ ಬಾಗಿಲ ಬಳಿ ಮೇಜಿನ ಮೇಲೆ ಇನ್ನೂರು ಪುಟ್ಟ ಪುಸ್ತಕಗಳಿವೆ. ಎಡ ಪುಟ ಉರ್ದುವಿನಲ್ಲಿ, ಬಲ ಪುಟ ಕನ್ನಡದಲ್ಲಿದೆ. ಮಗುವಿನ ತೂಕ, ಹಾಕಿಸಿದ ಲಸಿಕೆ, ಅಂಗನವಾಡಿಯವರು ಗಮನಿಸಿದ್ದು, ವೈದ್ಯರು ಹೇಳಿದ್ದು, ಮುಂದೆ ಎಲ್ಲಿಗೆ ಹೋಗಬೇಕು, ಜೊತೆಗೆ ಹೋಗುವವರು ಯಾರು ಎಂದು ಬರೆಯಲು ಜಾಗವಿದೆ. ಆ ಕೊನೆಯ ಸಾಲನ್ನು ನಾನೇ ಹೇಳಿ ಹಾಕಿಸಿದೆ. ನಿಮ್ಮ ಓಣಿಯ ಐದು ಮನೆಗೆ ಒಂದೊಂದು ಪುಸ್ತಕ ಕೊಟ್ಟು ತುಂಬಿಸಿ. ಮಗು ಒಂದನೇ ತರಗತಿಗೆ ಸೇರುವ ದಿನ ಜನನ ಪ್ರಮಾಣಪತ್ರದ ಜೊತೆ ಇದನ್ನೂ ಶಿಕ್ಷಕರ ಕೈಗೆ ಕೊಡಲು ತಾಯಿಗೆ ಹೇಳಿ.

ಆ ಹುಡುಗನ ಬಗ್ಗೆ ಅನೇಕರು ಕೇಳುತ್ತಾರೆ. ಶ್ರವಣ ಸಾಧನ ಸಿಕ್ಕಿತು. ಮಾತು ಬಂದಿದೆ, ತಡವಾಗಿ ಬಂದದ್ದರಿಂದ ಕೆಲವು ಅಕ್ಷರಗಳು ಇನ್ನೂ ಅವನ ನಾಲಿಗೆಗೆ ಒಗ್ಗಿಲ್ಲ. ಮೊದಲ ಸಾಲಿನಲ್ಲಿ ಕೂರುತ್ತಾನೆ. ಪುಸ್ತಕ ಬೇಕಾದವರು ಹೋಗುವಾಗ ಹೆಸರು ಬರೆಸಿ ತೆಗೆದುಕೊಳ್ಳಿ.